ವೀಣೆ ಬಲ್ಲವರು ಪಿಯಾನೋ ಕಲಿಯುವ ಬಗೆ

22 ವರ್ಷ ವೀಣೆ ನುಡಿಸಿದ ಮೇಲೆ, 41ನೇ ವಯಸ್ಸಿನಲ್ಲಿ ನಾನು ಪಿಯಾನೋ ಮುಂದೆ ಕೂತೆ. ಮೊದಲ ದಿನವೇ ಬಲಗೈ ಶಂಕರಾಭರಣ ಹತ್ತಿ ಇಳಿದು ಬಂತು. ಸ್ವರ ತಪ್ಪಲಿಲ್ಲ, ಕಾಲ ತಪ್ಪಲಿಲ್ಲ. ಎರಡನೇ ವಾರ ಟೀಚರ್ "ಈಗ ಎಡಗೈ ಸೇರಿಸಿ ಮೇಡಂ" ಅಂದರು. ಎರಡೂ ಕೈ ಒಟ್ಟಿಗೇ ನಿಂತುಹೋದವು.

ಬೇರೆ ವಾದ್ಯ ಬಲ್ಲವರು ದೊಡ್ಡವರಾದ ಮೇಲೆ ಪಿಯಾನೋ ಕಲಿಯುವಾಗ ಬರುವ ಕಷ್ಟದ ಬೇರು ಇಲ್ಲೇ ಇದೆ. ನನ್ನ ಕಿವಿಗೆ 22 ವರ್ಷ, ಕೈಗೆ ಎರಡು ವಾರ. ಕಿವಿಗೆ ಹಿಡಿಸುವ ಹಾಡನ್ನೇ ಆರಿಸಿಕೊಂಡರೆ ಕೈ ಸೋಲುತ್ತದೆ, ಮೂರು ತಿಂಗಳಲ್ಲಿ ಬೇಸರ ಬಂದು ಮುಚ್ಚಳ ಮುಚ್ಚಿಡುತ್ತೀರಿ. ಪಾಠ ಕೈಗೆ ತಕ್ಕಂತೆ ಇರಲಿ. ಕಿವಿ ಪಕ್ಕದಲ್ಲಿ ಕೂತು ದಾರಿ ತೋರಿಸಲಿ. ಮುಂದೆ ಹೇಳುವುದೆಲ್ಲ ಇದನ್ನು ಮಾಡುವ ಬಗೆ. ನನಗೆ ಗೊತ್ತಿರುವುದು ವೀಣೆ, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ. ಬೇರೆ ವಾದ್ಯದವರಿಗೂ ಮಧ್ಯೆ ನಾಲ್ಕು ಮಾತು ಇದೆ.

ವಾದ್ಯ ಕೊಳ್ಳುವಾಗ

ಮನೆಯಲ್ಲಿ ಮಕ್ಕಳ 61 ಕೀ ಕೀಬೋರ್ಡ್ ಇದ್ದರೆ ಕೀಗಳ ಹೆಸರು ಕಲಿಯಲು ಸಾಕು, ಪಿಯಾನೋ ಕಲಿಯಲು ಸಾಲದು. ಪಿಯಾನೋದಲ್ಲಿ ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ಎದ್ದು ತಂತಿಗೆ ಹೊಡೆಯುತ್ತದೆ. ಆ ಸುತ್ತಿಗೆಯ ಭಾರ ಬೆರಳಿಗೆ ಗೊತ್ತಾಗಬೇಕು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಅದಕ್ಕೆ 88 ಕೀ ಇರುವ, ತೂಕದ ಕೀಗಳ ಡಿಜಿಟಲ್ ಪಿಯಾನೋ ತಗೊಳ್ಳಿ. ಯಮಹಾ, ರೋಲ್ಯಾಂಡ್, ಕ್ಯಾಸಿಯೋ ಮೂರರಲ್ಲೂ ಹೊಸಬರಿಗೆ ಆಗುವ ಮಾದರಿಗಳಿವೆ. ಅಂಗಡಿಯಲ್ಲಿ ವಾಲ್ಯೂಮ್ ಅರ್ಧಕ್ಕಿಟ್ಟು ಒಂದೇ ಕೀಯನ್ನು ಹತ್ತು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ಜೋರು ಮಾಡುತ್ತಾ ಒತ್ತಿ ನೋಡಿ. ಹತ್ತೂ ಬೇರೆ ಬೇರೆ ಕೇಳಿದರೆ ಅದು ನಿಮಗೆ ಆಗುತ್ತದೆ. ಅಲ್ಲಿ ಹಾಕುವ ಡೆಮೋ ಹಾಡು ಕೇಳಿ ತೀರ್ಮಾನ ಮಾಡಬೇಡಿ.

ಹಳೆಯ ಮರದ ಪಿಯಾನೋ ಸಿಕ್ಕಿದರೆ ಟ್ಯೂನರ್ ಒಬ್ಬರಿಗೆ ತೋರಿಸದೆ ದುಡ್ಡು ಕೊಡಬೇಡಿ. ಕರಾವಳಿಯವರು ಇನ್ನೂ ಜಾಸ್ತಿ ಎಚ್ಚರವಾಗಿರಿ, ತೇವಕ್ಕೆ ಮರ ಉಬ್ಬಿ ಕೀಗಳು ಅಂಟಿಕೊಳ್ಳುತ್ತವೆ. ಕೂರುವ ಸ್ಟೂಲು ಮೊಣಕೈ ಕೀಗಳ ಮಟ್ಟಕ್ಕೆ ಬರುವಷ್ಟು ಎತ್ತರ ಇರಲಿ. ನೆಲದ ಮೇಲೆ ಕೂತು ಅಭ್ಯಾಸ ಆದ ನಮಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಮಣಿಕಟ್ಟು ನೋವಿನ ಅರ್ಧ ಕಾರಣ ಸ್ಟೂಲಿನಲ್ಲೇ ಇರುತ್ತದೆ.

ಮೆಟ್ಟಿಲುಗಳೇ ಇಲ್ಲಿ ಕೀಗಳು

ವೀಣೆಗೆ 24 ಮೆಟ್ಟಿಲು (ತಂತಿಯನ್ನು ಒತ್ತುವ ಪಟ್ಟಿಗಳು), ಒಂದು ಸ್ಥಾಯಿಗೆ, ಅಂದರೆ ಒಂದು ಸ ಇಂದ ಮೇಲಿನ ಸ ವರೆಗೆ, 12. ಪಿಯಾನೋದಲ್ಲೂ ಒಂದು ಸ್ಥಾಯಿಗೆ 12 ಕೀ: ಏಳು ಬಿಳಿ, ಐದು ಕಪ್ಪು. ವೀಣೆಯಲ್ಲಿ ಕೈ ಎಡದಿಂದ ಬಲಕ್ಕೆ, ಕೊಡದ ಕಡೆ ಹೋದರೆ ಸ್ವರ ಏರುತ್ತದೆ. ಇಲ್ಲೂ ಹಾಗೇ. ಒಂದು ಮೆಟ್ಟಿಲು ಅಂದರೆ ಒಂದು ಕೀ. ಇಷ್ಟು ತಿಳಿದರೆ ಮೊದಲ ತಿಂಗಳ ಭಯ ಹೋಗುತ್ತದೆ.

ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು ಅಂತ ಬರುತ್ತವೆ. ಎರಡರ ಗುಂಪಿಗೆ ಎಡಕ್ಕೆ ಅಂಟಿಕೊಂಡ ಬಿಳಿ ಕೀ ಸಿ. ಅದನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಪಕ್ಕದ ಕಪ್ಪು ಶುದ್ಧ ರಿಷಭ, ಆಮೇಲಿನ ಬಿಳಿ ಚತುಶ್ರುತಿ ರಿಷಭ, ಹೀಗೆ 12 ಸ್ವರಸ್ಥಾನವನ್ನೂ ಕೈಯಿಟ್ಟು ಹಾಡಿ ನೋಡಿ.

ಈಗ ಬರೀ ಬಿಳಿ ಕೀಗಳಲ್ಲಿ ಗ್ರಹಭೇದ ಮಾಡಿ, ಅಂದರೆ ಕೀಗಳು ಅವೇ ಇರಲಿ, ಷಡ್ಜದ ಜಾಗ ಮಾತ್ರ ಬದಲಾಗಲಿ. ಸಿಯಿಂದ ಸಿಗೆ ಹೋದರೆ ಶಂಕರಾಭರಣ. ಡಿಯನ್ನು ಷಡ್ಜ ಮಾಡಿದರೆ ಖರಹರಪ್ರಿಯ. ಇ ಇಂದ ಹನುಮತೋಡಿ, ಎಫ್‌ನಿಂದ ಮೇಚಕಲ್ಯಾಣಿ, ಜಿಯಿಂದ ಹರಿಕಾಂಭೋಜಿ, ಎ ಇಂದ ನಠಭೈರವಿ. ಬಿಯಿಂದ ಹೊರಟರೆ ಪಂಚಮ ಸಿಗುವುದಿಲ್ಲ, ಬಿಟ್ಟುಬಿಡಿ. ಪುಸ್ತಕದಲ್ಲಿ ಓದಿದ್ದ ಗ್ರಹಭೇದವನ್ನು ಕಣ್ಣಾರೆ ಕಂಡದ್ದು ನಾನು ಪಿಯಾನೋ ಮೇಲೆಯೇ. ಅವತ್ತು ರಾತ್ರಿ ಹತ್ತೂವರೆವರೆಗೆ ಆರೂ ರಾಗ ನುಡಿಸುತ್ತಾ ಕೂತಿದ್ದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಷಡ್ಜ ಓಡಾಡುತ್ತದೆ, ಸಿ ಓಡಾಡುವುದಿಲ್ಲ. ನನ್ನ ವೀಣೆಯ ಶ್ರುತಿ ಇ, ಶ್ರುತಿಪೆಟ್ಟಿಗೆಯಲ್ಲಿ ಮೂರು ಅಂತ ಇರುತ್ತದಲ್ಲ, ಅದು. ಹಾಗಾಗಿ ಇ ಕೇಳಿದರೆ ನನ್ನ ಕಿವಿ "ಸ" ಅನ್ನುತ್ತಿತ್ತು, ಟೀಚರ್ ಅದನ್ನು "ಗ" ಅನ್ನುವ ಜಾಗದಲ್ಲಿಟ್ಟು ಪಾಠ ಹೇಳುತ್ತಿದ್ದರು. ತುಂಬಾ ಗೊಂದಲ ಆಯಿತು. ಪರಿಹಾರ ಇಷ್ಟೇ. ಕೀಯ ಹೆಸರಿಗೆ ಯಾವಾಗಲೂ ಎ, ಬಿ, ಸಿ ಮಾತ್ರ. ಹಾಡಿನೊಳಗೆ ಆ ಸ್ವರದ ಕೆಲಸ ಏನು ಅನ್ನುವುದಕ್ಕೆ ಮಾತ್ರ ಸ, ರಿ, ಗ. ಹಾಡು ಜಿ ಮೇಲೆ ನಿಂತಿದ್ದರೆ ಜಿ ನಿಮ್ಮ ಸ. ಈ ಎರಡು ಹೆಸರುಗಳನ್ನು ಬೆರೆಸದೆ ಇಟ್ಟುಕೊಂಡರೆ ಶ್ರುತಿ ಬದಲಾಯಿಸಿ ನುಡಿಸುವುದು ನಿಮಗೆ ಬೇಗ ಬರುತ್ತದೆ.

ಉಗುರು, ಹೆಬ್ಬೆರಳು, ತೋಳು

ವೀಣೆಯವರ ಬಲಗೈಯ ತೋರುಬೆರಳು, ಮಧ್ಯದ ಬೆರಳಿಗೆ ಉಗುರು ಇರುತ್ತದೆ. ಪಿಯಾನೋ ಮೇಲೆ ಅದು ಟಕ್ ಟಕ್ ಅಂತ ಕೀಗೆ ಬಡಿಯುತ್ತದೆ. ಅದಕ್ಕಿಂತ ತೊಂದರೆ ಅಂದರೆ, ಉಗುರು ಉಳಿಸಲು ಬೆರಳು ಚಪ್ಪಟೆಯಾಗಿ ಮಲಗುತ್ತದೆ. ಮಲಗಿದ ಬೆರಳಿಗೆ ಬಲ ಇಲ್ಲ. ಉಗುರು ಕತ್ತರಿಸಬೇಕಾಗಿ ಬಂದಾಗ ನನಗೆ ನಿಜವಾಗಿಯೂ ಸಂಕಟ ಆಯಿತು. ಈಗ ಉಗುರು ಚಿಕ್ಕದಾಗಿಟ್ಟು ವೀಣೆಗೆ ಮಿಜರಾಬು, ಅಂದರೆ ಬೆರಳಿಗೆ ತೊಡುವ ತಂತಿಯ ಮೀಟುಗೋಲು, ಹಾಕಿಕೊಳ್ಳುತ್ತೇನೆ. ನಾದ ಸ್ವಲ್ಪ ಬೇರೆ. ಎರಡು ತಿಂಗಳಲ್ಲಿ ಒಗ್ಗಿತು.

ಬೆರಳಿಗೆ ಸಂಖ್ಯೆ ಇದೆ: ಹೆಬ್ಬೆರಳು 1, ಕಿರುಬೆರಳು 5, ಎರಡೂ ಕೈಗೆ. ವೀಣೆಯಲ್ಲಿ ಎಡಗೈಯ ಹೆಬ್ಬೆರಳು ಸುಮ್ನೆ ದಂಡಿಗೆ ಒರಗಿಕೊಂಡಿರುತ್ತದೆ. ಇಲ್ಲಿ ಅದೇ ಮುಖ್ಯ ಕೆಲಸಗಾರ. ಸ ರಿ ಗ ಆದ ಮೇಲೆ ಬೆರಳು ಮುಗಿಯದಂತೆ ಹೆಬ್ಬೆರಳು ಮೂರನೇ ಬೆರಳಿನ ಕೆಳಗೆ ನುಸುಳಿ ಮಧ್ಯಮ ಹಿಡಿಯಬೇಕು. ಇದನ್ನು ನಿಧಾನವಾಗಿ ನೋಡಿ. ಎರಡನೇ ಬೆರಳು ರಿಷಭ ಒತ್ತುವಾಗಲೇ ಹೆಬ್ಬೆರಳು ಅಂಗೈ ಕೆಳಗೆ ಹೊರಟಿರಬೇಕು. ಗಾಂಧಾರ ಕೇಳುವಷ್ಟರಲ್ಲಿ ಅದು ಮಧ್ಯಮದ ಮೇಲೆ ಕಾದು ಕೂತಿರಬೇಕು. ತಡವಾದರೆ ಮೊಣಕೈ ರೆಕ್ಕೆಯ ಹಾಗೆ ಏಳುತ್ತದೆ, ಮಧ್ಯಮ ಉಳಿದ ಸ್ವರಗಳಿಗಿಂತ ಜೋರಾಗಿ ಬೀಳುತ್ತದೆ. ಆ ಉಬ್ಬು ನಿಮ್ಮ ಕಿವಿಗೆ ತಕ್ಷಣ ಸಿಗುತ್ತದೆ. ಕಿವಿ ಪಕ್ಕದಲ್ಲಿರಲಿ ಅಂದದ್ದು ಇದಕ್ಕೇ.

ಹೊಸ ಅಭ್ಯಾಸದ ಪುಸ್ತಕ ಹುಡುಕುವ ಮೊದಲು ಸರಳೆ ವರಸೆಯನ್ನೇ, ನಾವು ಮಾಯಾಮಾಳವಗೌಳ ರಾಗದಲ್ಲಿ ಕಲಿತ ಮೊದಲ ಸ್ವರಪಾಠವನ್ನೇ, ತಗೊಳ್ಳಿ. ಸಿ ಮೇಲೆ ಮಾಯಾಮಾಳವಗೌಳ ಅಂದರೆ ಐದು ಬಿಳಿ ಕೀ, ಎರಡು ಕಪ್ಪು ಕೀ. ಬಲಗೈ ಆರೋಹಣಕ್ಕೆ 1 2 3, 1 2 3 4 5. ಎಡಗೈಗೆ 5 4 3 2 1, 3 2 1. ಇಳಿಯುವಾಗ ಅದೇ ಬೆರಳು ಹಿಂದುಮುಂದಾಗಿ. ಒಂದೊಂದೇ ಕೈ. ಮೂರು ಕಾಲ ಮಾಡುವ ಹುಮ್ಮಸ್ಸು ಬರುತ್ತದೆ, ಬೇಡ. ಒಂದನೇ ಕಾಲದಿಂದ ಎರಡಕ್ಕೆ ಹಾರಿದರೆ ವೇಗ ಎರಡು ಪಟ್ಟು. ಹೊಸ ಕೈ ಅದನ್ನು ತಾಳುವುದಿಲ್ಲ. ಮೆಟ್ರೋನೋಮ್ (ಕಾಲ ಹಿಡಿಯಲು ಟಿಕ್ ಟಿಕ್ ಅನ್ನುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು, ಎರಡು ದಿನ ತಪ್ಪಿಲ್ಲದೆ ಬಂದರೆ 64, ಆಮೇಲೆ 68.

ಒತ್ತುವಾಗ ಬಲ ಬೆರಳಿನಿಂದ ಬರುವುದಲ್ಲ, ತೋಳಿನ ತೂಕ ಬೆರಳ ತುದಿಗೆ ಇಳಿಯಬೇಕು. ನಾವು ತಂತಿಯನ್ನು ಮೀಟಿ ಬಿಡುವವರು. ಇಲ್ಲಿ ಕೀಯನ್ನು ತಳದವರೆಗೆ ಒತ್ತಿ, ಮುಂದಿನ ಸ್ವರ ಬರುವ ತನಕ ಅಲ್ಲೇ ಇರಬೇಕು. ಬೆರಳು ಬೇಗ ಎತ್ತಿದರೆ ಸ್ವರ ಅಲ್ಲೇ ಸಾಯುತ್ತದೆ. ಮೀಟುವ ಈ ಚಾಳಿ ಬಿಡಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಎಡಗೈ: ನಿಜವಾದ ಪಾಠ

ವೀಣೆಯಲ್ಲಿ ಎರಡು ಕೈ ಸೇರಿ ಒಂದು ಸ್ವರ ಮಾಡುತ್ತವೆ. ಒಂದು ಒತ್ತುತ್ತದೆ, ಒಂದು ಮೀಟುತ್ತದೆ. ಪಿಟೀಲು, ಗಿಟಾರಿನಲ್ಲೂ ಹಾಗೇ. ಪಿಯಾನೋದಲ್ಲಿ ಒಂದೊಂದು ಕೈಯೂ ಪೂರ್ತಿ ವಾದ್ಯ. ಹಾಗಾಗಿ ಇದುವರೆಗೆ ಜೊತೆಯಾಗಿ ದುಡಿದ ಕೈಗಳನ್ನು ಬೇರೆ ಬೇರೆ ಮಾಡುವುದೇ ಮೊದಲ ವರ್ಷದ ಕೆಲಸ. ದಿನಕ್ಕೆ 40 ನಿಮಿಷ ಸಿಕ್ಕರೆ 20 ನಿಮಿಷ ಇದಕ್ಕೇ ಕೊಡಿ.

ಆದರೆ ನಮ್ಮಲ್ಲಿ ಒಂದು ಬಂಡವಾಳ ಇದೆ. ಚಿಕ್ಕಂದಿನಲ್ಲಿ ಹಾಡುತ್ತಾ ತೊಡೆಯ ಮೇಲೆ ತಾಳ ಹಾಕಿದ್ದೀರಿ ಅಲ್ವಾ? ಬಾಯಿ ಒಂದು ಕೆಲಸ, ಕೈ ಇನ್ನೊಂದು ಕೆಲಸ. ಎಡಗೈಗೆ ಆ ತಾಳದ ಕೆಲಸವನ್ನೇ ಮೊದಲು ಕೊಡಿ.

ಮೊದಲ ವಾರ ಎಡಗೈಯ 5ನೇ ಬೆರಳು ಕೆಳಗಿನ ಸಿ ಮೇಲೆ, 1ನೇ ಬೆರಳು ಜಿ ಮೇಲೆ. ಅದು ಸ ಪ, ನಿಮ್ಮ ಶ್ರುತಿ. ಬಲಗೈ ಎಂಟು ಅಕ್ಷರದ ಆದಿತಾಳದಲ್ಲಿ ಮೊದಲ ಸರಳೆ ವರಸೆ ನುಡಿಸಲಿ, ಎಡಗೈ ಪ್ರತಿ ಆವರ್ತನದ ಮೊದಲ ಅಕ್ಷರಕ್ಕೆ ಮಾತ್ರ ಒತ್ತಲಿ. ಎರಡನೇ ವಾರ ಎಡಗೈ ಒಂದು, ಐದು, ಏಳನೇ ಅಕ್ಷರಕ್ಕೆ ಬೀಳಲಿ, ಅಂದರೆ ಲಘು ಮತ್ತು ಎರಡು ದ್ರುತಗಳ ಘಾತಕ್ಕೆ. ಮೂರನೇ ವಾರ ಒಂದು ಅಕ್ಷರಕ್ಕೆ ಸ, ಮುಂದಿನದಕ್ಕೆ ಪ, ಬಿಡಿಬಿಡಿಯಾಗಿ. ಬಲಗೈ ತಪ್ಪಿದರೂ ಎಡಗೈ ನಿಲ್ಲಬಾರದು. ತಾಳ ಹಾಕುವ ಕೈ ಹಾಡು ಮರೆತರೂ ನಿಲ್ಲುವುದಿಲ್ಲ ಅಲ್ವಾ, ಹಾಗೆ.

ಆಮೇಲೆ ಎರಡು ಕೈಯೂ ಸ್ವರ ನುಡಿಸಲಿ, ಆದರೆ ಎದುರು ಬದುರು ದಿಕ್ಕಿಗೆ. ಎರಡು ಹೆಬ್ಬೆರಳನ್ನೂ ಅಕ್ಕಪಕ್ಕದ ಸ್ಥಾಯಿಯ ಎರಡು ಸಿ ಮೇಲಿಟ್ಟು, ಬಲಗೈ ಶಂಕರಾಭರಣ ಹತ್ತಲಿ, ಎಡಗೈ ಇಳಿಯಲಿ. ಎರಡು ಕೈಯಲ್ಲೂ ಒಂದೇ ಹೊತ್ತಿಗೆ ಒಂದೇ ಸಂಖ್ಯೆಯ ಬೆರಳು ಬೀಳುತ್ತದೆ, ಹೆಬ್ಬೆರಳು ಒಂದೇ ಕ್ಷಣಕ್ಕೆ ನುಸುಳುತ್ತದೆ. ಒಂದೇ ದಿಕ್ಕಿಗೆ ಹೋಗುವುದಕ್ಕಿಂತ ಇದು ಎಷ್ಟೋ ಸುಲಭ. ಒಂದೇ ದಿಕ್ಕಿನದು ಇನ್ನೆರಡು ತಿಂಗಳು ಕಾಯಲಿ.

ಮೊದಲ ಹಾಡು ಯಾವುದು?

ನೊಟ್ಟುಸ್ವರ. ಇದಕ್ಕೆ ನನ್ನ ಮನಸ್ಸಿನಲ್ಲಿ ಎರಡನೇ ಉತ್ತರ ಇಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳನ್ನು ಕೇಳಿ ಶಂಕರಾಭರಣದ ಸ್ವರಗಳಲ್ಲಿ ಸಂಸ್ಕೃತ ಸಾಹಿತ್ಯ ಕೂಡಿಸಿದ ಚಿಕ್ಕ ಚಿಕ್ಕ ರಚನೆಗಳು ಇವು. "ಸಂತತಂ ಪಾಹಿಮಾಂ" ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯಲ್ಲಿದೆ. "ಶಕ್ತಿ ಸಹಿತ ಗಣಪತಿಂ" ನಮ್ಮ ಎಷ್ಟೋ ಮಕ್ಕಳು ಗೀತೆಗಳಿಗೆ ಮುಂಚೆಯೇ ಕಲಿಯುತ್ತಾರೆ. ಇವುಗಳಲ್ಲಿ ಗಮಕ (ಸ್ವರವನ್ನು ತೂಗಿ ಎಳೆಯುವುದು) ಇಲ್ಲ, ಎಲ್ಲವೂ ಬಿಳಿ ಕೀಗಳಲ್ಲೇ ಸಿಗುತ್ತವೆ, ಹಾಡು ಆಗಲೇ ಬಾಯಿಗೆ ಬಂದಿರುತ್ತದೆ. ಕೈ ಮಾತ್ರ ಕಲಿತರೆ ಸಾಕು.

ಬಲಗೈ ಬಂದ ಮೇಲೆ ಎಡಗೈಗೆ ಮೂರು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಕಲಿಯಿರಿ. ಸ-ಗ-ಪ ಒಂದು. ಮ-ಧ-ಸ ಇನ್ನೊಂದು. ಪ-ನಿ-ರಿ ಮೂರನೆಯದು. ಶಂಕರಾಭರಣದ ಏಳು ಸ್ವರವೂ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಬಂದೇ ಬರುತ್ತವೆ. ಹಾಡು ಗಾಂಧಾರದ ಮೇಲೆ ನಿಂತರೆ ಮೊದಲನೆಯದು. ಮಧ್ಯಮ ಅಥವಾ ಧೈವತದ ಮೇಲೆ ನಿಂತರೆ ಎರಡನೆಯದು. ರಿಷಭ, ನಿಷಾದಕ್ಕೆ ಮೂರನೆಯದು. ಷಡ್ಜ, ಪಂಚಮ ಎರಡೆರಡು ಕಡೆ ಇವೆ, ಅಲ್ಲಿ ಎರಡನ್ನೂ ಒತ್ತಿ ಕೇಳಿ ಆರಿಸಿಕೊಳ್ಳಿ. ಹಾರ್ಮನಿ ಅನ್ನುವುದನ್ನು ನಾನು ಮೊದಲು ಅರ್ಥ ಮಾಡಿಕೊಂಡದ್ದು ಹೀಗೆ, ಗೊತ್ತಿದ್ದ ಹಾಡಿನ ಕೆಳಗೆ ಮೂರು ಬಣ್ಣ ಹಚ್ಚಿ ನೋಡಿ.

ಕಿವಿ ದಾರಿ ತಪ್ಪಿಸುವ ಎರಡು ಜಾಗ

ಒಂದು, ಓದು. ನಮಗೆ ಎರಡು ಸಲ ಕೇಳಿದರೆ ಹಾಡು ಮನಸ್ಸಿನಲ್ಲಿ ನಿಲ್ಲುತ್ತದೆ. ಟೀಚರ್ ನುಡಿಸಿ ತೋರಿಸಿದ್ದನ್ನು ನಾನು ಹಾಗೇ ನುಡಿಸಿಬಿಡುತ್ತಿದ್ದೆ, ಕಣ್ಣು ಪುಸ್ತಕದ ಮೇಲಿದ್ದರೂ ಒಂದು ಸ್ವರವನ್ನೂ ಓದುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಅವರು ಕೇಳಿಸದೆ ಒಂದು ಹೊಸ ಪುಟ ಕೊಟ್ಟರು. ಎಂಟು ಬಾರ್‌ನ (ಬಾರ್ ಅಂದರೆ ಗೆರೆ ಹಾಕಿ ಬೇರೆ ಮಾಡಿದ, ಎಣಿಕೆಗಳ ಒಂದು ಗುಂಪು) ಮಕ್ಕಳ ಪಾಠ. ನನಗೆ ಬರಲಿಲ್ಲ. ಆವತ್ತಿನಿಂದ ದಿನಕ್ಕೆ ಹತ್ತು ನಿಮಿಷ ಎಂದೂ ಕೇಳಿರದ, ತೀರಾ ಸುಲಭವಾದ ಎರಡು ಸಾಲು ಓದುತ್ತೇನೆ, ಮಾರನೇ ದಿನ ಅದನ್ನು ಮುಟ್ಟುವುದಿಲ್ಲ. ಮೂರು ಗುರುತು ನೆನಪಿಟ್ಟುಕೊಳ್ಳಿ: ಮೇಲಿನ, ಕೆಳಗಿನ ಎರಡು ಸಾಲುಗಳ ನಡುವೆ ಮಿಡ್ಲ್ ಸಿ (ಕೀಗಳ ನಡುಭಾಗದ ಸಿ), ಟ್ರೆಬಲ್ ಕ್ಲೆಫ್ ಇರುವ ಮೇಲಿನ ಸಾಲಿನಲ್ಲಿ ಕೆಳಗಿಂದ ಎರಡನೇ ಗೆರೆ ಜಿ, ಬೇಸ್ ಕ್ಲೆಫ್ ಇರುವ ಕೆಳಗಿನ ಸಾಲಿನಲ್ಲಿ ಕೆಳಗಿಂದ ನಾಲ್ಕನೇ ಗೆರೆ ಎಫ್. ಉಳಿದದ್ದನ್ನು ಇವುಗಳಿಂದ ಹತ್ತಿ ಇಳಿದು ಎಣಿಸಿ. ಪಾಶ್ಚಾತ್ಯ ಪಿಟೀಲು ಕಲಿತವರಿಗೆ ಟ್ರೆಬಲ್ ಗೊತ್ತಿರುತ್ತದೆ, ಅವರು ಬೇಸ್ ಮಾತ್ರ ಓದಿ.

ಇನ್ನೊಂದು, ಗಮಕ. ತಂತಿ ಎಳೆಯಲು ಬೆರಳು ತಹತಹಿಸುತ್ತದೆ, ಕೀ ಅಲ್ಲಾಡುವುದಿಲ್ಲ. ತೋಡಿ, ಸಹಾನದಂಥ ರಾಗಗಳನ್ನು ಇಲ್ಲಿ ಹುಡುಕಬೇಡಿ, ರಾಗಕ್ಕೂ ನೋವು ನಿಮಗೂ ನೋವು. ಇನ್ನೂ ಒಂದು ಸೂಕ್ಷ್ಮ ಇದೆ. ಪಿಯಾನೋದ ಗಾಂಧಾರ ಕೆಲವರಿಗೆ ಸ್ವಲ್ಪ ಮೇಲೆ ಕೇಳುತ್ತದೆ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಒಂದು ಅರ್ಧ ಸ್ವರದ ಅಂತರವನ್ನು 100 ಸೆಂಟ್ ಅಂತ ಎಣಿಸಿದರೆ, ತಂಬೂರಿಯ ನಾದದಲ್ಲಿ ತಾನಾಗಿ ಹುಟ್ಟುವ "ಅಂತರ ಗಾಂಧಾರ" (ಶಂಕರಾಭರಣದ ಗ) ಷಡ್ಜದಿಂದ 386 ಸೆಂಟ್ ದೂರ. ಪಿಯಾನೋದಲ್ಲಿ 400. ಯಾವ ಕೀಯನ್ನು ಷಡ್ಜ ಮಾಡಿದರೂ ಒಂದೇ ರೀತಿ ಕೇಳಲಿ ಅಂತ 12 ಅಂತರವನ್ನೂ ಸಮ ಮಾಡಿದ್ದಾರೆ, ಅದಕ್ಕೆ ತೆತ್ತ ಬೆಲೆ ಈ 14 ಸೆಂಟ್. ಪಿಯಾನೋ ನುಡಿಸುವಾಗ ತಂಬೂರಿ ಹಾಕಬೇಡಿ. ವೀಣೆಯನ್ನೂ ಬಿಡಬೇಡಿ. ನಾನು ಬೆಳಿಗ್ಗೆ ವೀಣೆ, ಸಂಜೆ ಪಿಯಾನೋ ಅಂತ ಇಟ್ಟುಕೊಂಡಿದ್ದೇನೆ.

ಮೈಸೂರಿನಲ್ಲಿ ಈ ದಾರಿಯನ್ನು ಉಲ್ಟಾ ನಡೆದವರು ಇದ್ದರು. ಜಯಚಾಮರಾಜ ಒಡೆಯರು ಮೊದಲು ಪಿಯಾನೋ ಕಲಿತವರು, ರಷ್ಯದ ಸಂಗೀತಗಾರ ಮೆಡ್ಟ್‌ನರ್ ಅವರ ಕೃತಿಗಳು ಧ್ವನಿಮುದ್ರಣ ಆಗಲು ನೆರವಾದವರು. ಆಮೇಲೆ ವೀಣೆ ವೆಂಕಟಗಿರಿಯಪ್ಪನವರ ಬಳಿ ವೀಣೆ ಕಲಿತು, 94 ಕೃತಿಗಳನ್ನು ರಚಿಸಿದರು. ಎರಡು ವಾದ್ಯ ಒಂದೇ ಮನೆಯಲ್ಲಿ ಇರಬಹುದಾ ಅಂತ ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ಬೇರೆ ವಾದ್ಯದವರಿಗೆ

ಹಾರ್ಮೋನಿಯಂ ನುಡಿಸುವವರಿಗೆ ಕೀಗಳು ಗೊತ್ತು, ಆದರೆ ಅಲ್ಲಿ ಜೋರು ಮೆಲ್ಲಗೆ ಎಲ್ಲ ತಿದಿಯಲ್ಲಿದೆ. ಇಲ್ಲಿ ಅದು ಬೆರಳಿಗೆ ಬರಬೇಕು, ಎಡಗೈಯನ್ನು ಸೊನ್ನೆಯಿಂದ ಶುರು ಮಾಡಬೇಕು. ತಬಲಾ, ಮೃದಂಗದವರ ಕೈಗಳು ಆಗಲೇ ಬೇರೆ ಬೇರೆಯಾಗಿ ದುಡಿಯುತ್ತವೆ, ಅವರು ಸ್ವರದ ಓದಿಗೆ ಜಾಸ್ತಿ ಸಮಯ ಕೊಡಲಿ. ಗಿಟಾರಿನವರು ಕಾರ್ಡ್ ಬಲ್ಲರು, ಅದನ್ನು ಬಲಗೈಯಲ್ಲಿ ಒತ್ತಿ ಹಾಡಿಗೆ ಜೊತೆ ಕೊಡುವುದರಲ್ಲೇ ನಿಂತುಬಿಡಬಾರದು. ಕೊಳಲಿನವರಿಗೆ ಎಲ್ಲಿ ಉಸಿರು ತಗೊಳ್ಳಬೇಕು ಅನ್ನುವುದು ಗೊತ್ತು, ಅದು ಪಿಯಾನೋದವರು ಬಹಳ ತಡವಾಗಿ ಕಲಿಯುವ ವಿಷಯ.

ಟೀಚರ್, ಪರೀಕ್ಷೆ

ವಾರಕ್ಕೊಮ್ಮೆಯಾದರೂ ಎದುರಿಗೆ ಕೂತು ಕೈ ನೋಡುವ ಟೀಚರ್ ಬೇಕು. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಿರಬಹುದು, ಅವರು ಗುರುವೇ. ಮೊದಲ ದಿನವೇ ಹೇಳಿ: ನನಗೆ ತಾಳ, ಸ್ವರ ಗೊತ್ತು, ಆದರೆ ಕೈಯ ಪಾಠ ಒಂದನ್ನೂ ಹಾರಿಸಬೇಡಿ. ಟ್ರಿನಿಟಿ, ಎಬಿಆರ್‌ಎಸ್‌ಎಂ ಅನ್ನುವ ಬ್ರಿಟನ್ನಿನ ಸಂಸ್ಥೆಗಳ ಸಂಗೀತ ಪರೀಕ್ಷೆಗಳನ್ನು ನಮ್ಮಲ್ಲೂ ತೆಗೆದುಕೊಳ್ಳಬಹುದು, ವಯಸ್ಸಿನ ಮಿತಿ ಇಲ್ಲ, 8ನೇ ಗ್ರೇಡ್‌ವರೆಗೆ ಇವೆ. ಗುರಿ ಬೇಕು ಅನ್ನಿಸಿದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ನೋವು ಬಂದರೆ ಅವತ್ತು ನಿಲ್ಲಿಸಿ, ಸಹಿಸಿಕೊಂಡು ನುಡಿಸಬೇಡಿ.

ಆರು ತಿಂಗಳಾದ ಮೇಲೆ

ಜಿ ಮೇಜರ್ ಮಿನುಯೆಟ್ ತಗೊಳ್ಳಿ. ಬಾಖ್ ಅವರ ಮನೆಯ 1725ರ ಸಂಗೀತದ ಪುಸ್ತಕದಲ್ಲಿ ಇರುವುದರಿಂದ ಬಹಳ ಕಾಲ ಅವರದೇ ಅಂದುಕೊಂಡಿದ್ದರು, ರಚಿಸಿದವರು ಕ್ರಿಶ್ಚಿಯನ್ ಪೆಟ್ಸೋಲ್ಡ್. 32 ಬಾರ್, ಒಂದು ಬಾರ್‌ಗೆ ಮೂರು ಎಣಿಕೆ.

ಜಿಯನ್ನು ಷಡ್ಜ ಮಾಡಿ ನೋಡಿ, ಇಡೀ ಮೊದಲ ಸಾಲು ಶಂಕರಾಭರಣ. ಬಲಗೈ ಪ, ಸ ರಿ ಗ ಮ, ಪ ಸ ಸ ಅಂತ ಹೊರಡುತ್ತದೆ. ಎಡಗೈಯ ಸಾಲನ್ನು ಮಾತ್ರ ಹಾಡಿಕೊಳ್ಳಿ: ಸ ರಿ ಗ ಮ ಗ ರಿ ಸ. ಮೊದಲ ಆರು ಬಾರ್ ಅಷ್ಟೇ. ನಾವು ಕಲಿತ ಮೊದಲ ಪಾಠ, ಕೆಳಗಿನ ಸ್ಥಾಯಿಯಲ್ಲಿ, ನಿಧಾನವಾಗಿ. ನನಗೆ ಇದು ಕಂಡ ದಿನ ಕಣ್ಣು ತುಂಬಿ ಬಂತು.

ಎರಡು ಕೈಯನ್ನೂ ಒಟ್ಟಿಗೆ ಇಡುವ ಅವಸರ ಬೇಡ. ಮೊದಲು ಎಡಗೈ ನುಡಿಸುತ್ತಾ ಅದರ ಸ್ವರವನ್ನೇ ಹಾಡಿ. ಆಮೇಲೆ ಎಡಗೈ ನುಡಿಸುತ್ತಾ ಬಲಗೈಯ ಸಾಲನ್ನು ಬಾಯಲ್ಲಿ ಹಾಡಿ. ಆಮೇಲೆ ಬಲಗೈ ನುಡಿಸುತ್ತಾ ಎಡಗೈಯದನ್ನು ಹಾಡಿ. ಈ ಮೂರೂ ತಡೆಯಿಲ್ಲದೆ ಬಂದ ದಿನ ಕೈಗಳನ್ನು ಸೇರಿಸಿ, ಒಂದು ದಿನಕ್ಕೆ ಎರಡೇ ಬಾರ್. ಏಳನೇ ಬಾರ್‌ನಲ್ಲಿ ಎಡಗೈ ಪ ಗ ಸ ಅಂತ ದೂರ ದೂರ ಜಿಗಿಯುತ್ತದೆ. ಅಲ್ಲಿ ಬೆರಳಿನ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ, ದಿನಾ ಅದೇ ಬೆರಳು ಬೀಳಲಿ.